ನೀರಿನ ಬಾಟಲಿ ತುಂಬಿಯೇ ವಾಪಸ್ ಬಂದರೆ

ಸಂಜೆ ಮಗುವಿನ ಬ್ಯಾಗು ತೆಗೆದರೆ ಬೆಳಗ್ಗೆ ತುಂಬಿಸಿಟ್ಟ ಬಾಟಲಿ ಹಾಗೇ ಇದೆ. ಕೇಳಿದರೆ ‘ಬಾಯಾರಿಕೆ ಆಗಲಿಲ್ಲ’ ಎಂಬ ಉತ್ತರ. ಎಷ್ಟೋ ಸಲ ಕಾರಣ ಬೇರೆಯೇ ಇರುತ್ತದೆ. ನೀರು ಕುಡಿದರೆ ಶಾಲೆಯ ಶೌಚಾಲಯಕ್ಕೆ ಹೋಗಬೇಕು, ಅಲ್ಲಿಗೆ ಹೋಗಲು ಮನಸ್ಸಿಲ್ಲ. ಮಧ್ಯಾಹ್ನದ ತಲೆನೋವು, ಮಲಬದ್ಧತೆ, ಮೂತ್ರದ ಸೋಂಕು ಹೀಗೂ ಶುರುವಾಗಬಹುದು.

ಟೀಚರ್ ಮೊದಲು ಮಾಡಬೇಕಾದ್ದು ಇಷ್ಟೇ: ಒಂದು ವಾರ ಕೊನೆಯ ಪೀರಿಯಡ್‌ನಲ್ಲಿ ಬಾಟಲಿಗಳ ಮೇಲೆ ಸುಮ್ನೆ ಕಣ್ಣಾಡಿಸಿ. ಯಾರನ್ನೂ ಎಬ್ಬಿಸಿ ನಿಲ್ಲಿಸಬೇಡಿ. ಅರ್ಧ ತರಗತಿಯ ಬಾಟಲಿ ತುಂಬಿದ್ದರೆ ತಪ್ಪು ಮಕ್ಕಳದ್ದಲ್ಲ.

ಆಮೇಲೆ ಶೌಚಾಲಯ ನೋಡಿ. ಬೆಳಗ್ಗೆ ತೊಳೆದ ತಕ್ಷಣ ಅಲ್ಲ, ಊಟದ ಬಿಡುವು ಮುಗಿದ ಮೇಲೆ. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಚಿಲಕ ಬೀಳುತ್ತದಾ? ಒಂದನೇ ತರಗತಿ ಮಗುವಿಗೆ ಎಟುಕುತ್ತದಾ? ಚಿಲಕ ಕೆಟ್ಟಿದ್ದರೆ ಗೆಳತಿ ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಅವಳು ರಜೆ ಹಾಕಿದ ದಿನ ಈ ಮಗು ಸಂಜೆವರೆಗೆ ತಡೆದುಕೊಂಡೇ ಕೂರುತ್ತದೆ. ನಲ್ಲಿ, ಸೋಪು, ಬೆಳಕು ಇದ್ದೇ ಇರಬೇಕು. ಮುಟ್ಟು 10 ವರ್ಷಕ್ಕೇ ಶುರುವಾಗಬಹುದು, ಹಾಗಾಗಿ ಮುಚ್ಚಳವಿರುವ ಬುಟ್ಟಿ, ಯಾರನ್ನೂ ಕೇಳದೆ ಸಿಗುವ ಪ್ಯಾಡ್ ಕೂಡ.

ಇನ್ನು ಅನುಮತಿಯ ವಿಷಯ. ‘ಈಗ ತಾನೇ ಬೆಲ್ ಆಯ್ತಲ್ಲ’ ಅನ್ನುವುದನ್ನು ದಯವಿಟ್ಟು ಬಿಡಿ. ಬಾಗಿಲ ಪಕ್ಕ ಒಂದು ಕಾರ್ಡ್ ತೂಗುಹಾಕಿ. ಬೇಕಾದವರು ಅದನ್ನು ತೆಗೆದುಕೊಂಡು ಹೋಗಿ, ಬಂದು ಮತ್ತೆ ಅಲ್ಲೇ ಹಾಕಲಿ. ಮೊದಮೊದಲು ಓಡಾಟ ಜಾಸ್ತಿಯೇ ಇರುತ್ತದೆ, ಕಾರ್ಡ್ ಹೊಸದಲ್ವಾ!

ಇಷ್ಟಾದ ಮೇಲೆ ನೀರಿನ ಮಾತು. ದಿನಕ್ಕೆ ಎರಡು ಸಲ ಪಾಠ ನಿಲ್ಲಿಸಿ ಎಲ್ಲರೂ ಕುಡಿಯಲಿ, ನೀವೂ ಕುಡಿಯಿರಿ. 4ರಿಂದ 8 ವರ್ಷದವರಿಗೆ ದಿನಕ್ಕೆ ಸುಮಾರು 1.6 ಲೀಟರ್ ನೀರು ಬೇಕು ಅನ್ನುವುದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಲೆಕ್ಕ. ಊಟದಲ್ಲಿರುವ ನೀರೂ ಇದರಲ್ಲಿ ಸೇರಿದೆ. ಮಕ್ಕಳಿಗೆ ಈ ಲೀಟರ್ ಲೆಕ್ಕಕ್ಕಿಂತ ಮೂತ್ರದ ಬಣ್ಣ ಬೇಗ ಅರ್ಥವಾಗುತ್ತದೆ: ತಿಳಿ ಹಳದಿ ಇದ್ದರೆ ಸರಿ, ಗಾಢವಾದರೆ ಇನ್ನಷ್ಟು ಕುಡಿಯಬೇಕು.

ಮೂತ್ರ ಮಾಡುವಾಗ ಉರಿ, ಜ್ವರ ಅಂದರೆ ಮನೆಯವರಿಗೆ ತಿಳಿಸಿ. ಮತ್ತೆ ಮತ್ತೆ ಕಾರ್ಡ್ ಹಿಡಿದು ಓಡುವ ಮಗುವನ್ನು ಗದರುವ ಮುಂಚೆ ಸ್ವಲ್ಪ ಗಮನಿಸಿ. ಬಾಟಲಿ ಪದೇ ಪದೇ ಖಾಲಿಯಾಗುತ್ತಿದೆಯಾ, ಮಗು ಸೊರಗಿದೆಯಾ, ಸದಾ ಸುಸ್ತಾ? ಅದು ಟೈಪ್ 1 ಡಯಾಬಿಟಿಸ್, ಅಂದರೆ ಮಕ್ಕಳಿಗೂ ಬರುವ ಸಕ್ಕರೆ ಕಾಯಿಲೆ ಇರಬಹುದು. ಮನೆಯವರಿಗೆ ತಕ್ಷಣ ಫೋನ್ ಮಾಡಿ, ಅವತ್ತೇ ಡಾಕ್ಟರಿಗೆ ತೋರಿಸಲು ಹೇಳಿ.