ಕಣ್ಣಾರೆ ನೋಡದೆ ನಾನು ಯಾವ ಮ್ಯುಟೇಶನ್ನನ್ನೂ ನಂಬುವುದಿಲ್ಲ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಮನೆಯಲ್ಲಿ ಕುಳಿತು ಬಾಯಿ ಕ್ಯಾನ್ಸರಿನ ಜೀನೋಮ್ (ಕೋಶದ ಪೂರ್ತಿ ಡಿಎನ್‌ಎ) ದತ್ತಾಂಶವನ್ನು ವಿಶ್ಲೇಷಿಸುವುದು ನನ್ನ ಉದ್ಯೋಗ. ರೋಗಿಯ ಹೆಸರಾಗಲಿ ಊರಾಗಲಿ ನನಗೆ ಗೊತ್ತಾಗುವುದಿಲ್ಲ. ಒಂದು ಸಂಕೇತ ಸಂಖ್ಯೆಯ ಅಡಿಯಲ್ಲಿ ಗಡ್ಡೆಯದೊಂದು, ರಕ್ತದ್ದೊಂದು ಮಾದರಿಯ ದತ್ತಾಂಶ ಬರುತ್ತದೆ. ರಕ್ತದಲ್ಲಿಲ್ಲದೆ ಗಡ್ಡೆಯಲ್ಲಷ್ಟೇ ಇರುವ ಬದಲಾವಣೆಗಳನ್ನು, ಅಂದರೆ ಮ್ಯುಟೇಶನ್‌ಗಳನ್ನು, ಹುಡುಕಬೇಕು.

ಆರಂಭದ ಹಂತಗಳೆಲ್ಲ ಕಂಪ್ಯೂಟರಿನವು. ಡಿಎನ್‌ಎಯ ಅಕ್ಷರಗಳನ್ನು ಓದುವ ಸೀಕ್ವೆನ್ಸಿಂಗ್ ಯಂತ್ರ ಕೊಟ್ಟ ತುಣುಕುಗಳನ್ನು ಬಿಡಬ್ಲ್ಯುಎ ಎಂಬ ಸಾಫ್ಟ್‌ವೇರು ಮಾನವ ಜೀನೋಮಿನಲ್ಲಿ ಅವುಗಳ ಜಾಗಕ್ಕೆ ಹೊಂದಿಸುತ್ತದೆ. ಮ್ಯುಟೆಕ್ಟ್ 2 ಎಂಬ ಇನ್ನೊಂದು ಸಾಫ್ಟ್‌ವೇರು ಗಡ್ಡೆಯ ಬದಲಾವಣೆಗಳ ಪಟ್ಟಿ ಕೊಡುತ್ತದೆ. ಸರ್ವರ್ ಇರುವುದು ದೂರದ ನಗರದಲ್ಲಿ. ಜೂನ್ ತಿಂಗಳ ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ನಮ್ಮಲ್ಲಿ ಕರೆಂಟು ಹೋಗುವುದು ಮಾಮೂಲು. ಹಾಗಾಗಿ ಎಲ್ಲವನ್ನೂ, ಸರ್ವರಿನಲ್ಲಿ ಕೆಲಸವನ್ನು ಜೀವಂತವಾಗಿಡುವ ಟಿಮಕ್ಸ್ ಒಳಗೆ, ಹಂತಗಳನ್ನು ಒಂದಾದ ಮೇಲೊಂದು ನಡೆಸುವ ಸ್ನೇಕ್‌ಮೇಕ್ ಮೂಲಕವೇ ಓಡಿಸುತ್ತೇನೆ. ಸಂಪರ್ಕ ಕಡಿದರೂ ಕೆಲಸ ಅಲ್ಲಿ ಸಾಗುತ್ತಿರುತ್ತದೆ.

ನನ್ನ ಕೆಲಸ ಶುರುವಾಗುವುದು ಪಟ್ಟಿ ಕೈಗೆ ಬಂದ ಮೇಲೆ. ಮುಖ್ಯ ಜೀನುಗಳ ಒಂದೊಂದು ಬದಲಾವಣೆಯನ್ನೂ, ತುಣುಕುಗಳನ್ನು ಚಿತ್ರವಾಗಿ ತೋರಿಸುವ ಐಜಿವಿಯಲ್ಲಿ ತೆರೆದು ನೋಡುತ್ತೇನೆ. ಮೇಲೆ ಗಡ್ಡೆ, ಕೆಳಗೆ ರಕ್ತ; ತುಣುಕಿಗೊಂದರಂತೆ ಬೂದು ಬಣ್ಣದ ಪಟ್ಟೆಗಳು ಸಾಲುಸಾಲಾಗಿ ಪೇರಿಸಿರುತ್ತವೆ. ಗಡ್ಡೆ ಬೆಳೆಯದಂತೆ ತಡೆಯುವ ಟಿಪಿ53 ಜೀನಿನಲ್ಲಿ, ಡಿಎನ್‌ಎಯ ನಾಲ್ಕು ಅಕ್ಷರಗಳ ಪೈಕಿ ‘ಸಿ’ ಇರಬೇಕಾದ ಕಡೆ ನೂರು ಪಟ್ಟೆಗಳಲ್ಲಿ ನಾಲ್ಕರಲ್ಲಿ ಮಾತ್ರ ಕೆಂಪು ‘ಟಿ’ ಕಂಡಿತು ಎನ್ನಿ. ಡಿಎನ್‌ಎಯ ಎರಡೂ ಎಳೆಗಳ ಓದಿನಲ್ಲಿ ಅದು ಇದೆಯೇ? ತುಣುಕುಗಳ ತುದಿಯಲ್ಲಷ್ಟೇ ಇದೆಯೇ? ಅಕ್ಕಪಕ್ಕದಲ್ಲೂ ತಾಳೆಯಾಗದ ಅಕ್ಷರಗಳಿವೆಯೇ? ಇದ್ದರೆ, ಜೀನೋಮಿನಲ್ಲಿ ಬೇರೆಡೆ ಇರುವ ಇಂಥದೇ ಭಾಗದ ತುಣುಕು ಇಲ್ಲಿ ಬಂದು ಕುಳಿತಿರಬಹುದು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಅಂಗಾಂಶ ಕೆಡದಂತೆ ಇಡುವ ದ್ರಾವಣ, ಫಾರ್ಮಲಿನ್. ತೆಗೆದ ಗಡ್ಡೆಯನ್ನು ಅದರಲ್ಲಿಟ್ಟು, ಬಳಿಕ ಮೇಣದಲ್ಲಿ ಹುದುಗಿಸುತ್ತಾರೆ. ಆಗ ಕೆಲವೆಡೆ ಸೈಟೋಸಿನ್ (ಅದೇ ‘ಸಿ’) ಅಮೈನೋ ಗುಂಪನ್ನು ಕಳೆದುಕೊಂಡು ಯುರಾಸಿಲ್ ಎಂಬ ಬೇರೆ ಅಣುವಾಗುತ್ತದೆ; ಯಂತ್ರ ಅದನ್ನು ‘ಟಿ’ ಎಂದು ಓದುತ್ತದೆ. ರೋಗಿಯ ದೇಹದಲ್ಲಿ ಎಂದೂ ಇರದ ಮ್ಯುಟೇಶನ್ ಅದು. ಹಾಗೆಂದು ಪ್ರಮಾಣ ಕಡಿಮೆ ಇರುವುದನ್ನೆಲ್ಲ ಅಳಿಸಿಬಿಡುವುದೂ ಸರಿಯಲ್ಲ. ತುಂಡಿನಲ್ಲಿ ಶೇ. 20ರಷ್ಟೇ ಕ್ಯಾನ್ಸರ್ ಕೋಶಗಳಿದ್ದು, ಅವುಗಳಲ್ಲಿರುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಬದಲಾಗಿದ್ದರೆ, ನಿಜವಾದ ಮ್ಯುಟೇಶನ್ ಕೂಡ ಕಾಣುವುದು ಸುಮಾರು ಶೇ. 10 ತುಣುಕುಗಳಲ್ಲಿ. ಆದ್ದರಿಂದ ಪೆಥಾಲಜಿ ವೈದ್ಯರಿಗೆ ಫೋನು ಮಾಡಿ ಸ್ಲೈಡಿನಲ್ಲಿ ಕಂಡ ಕ್ಯಾನ್ಸರ್ ಕೋಶಗಳ ಪ್ರಮಾಣವನ್ನು ಕೇಳಿಕೊಳ್ಳದೆ ನಾನು ತೀರ್ಮಾನಕ್ಕೆ ಬರುವುದಿಲ್ಲ. ಈ ಒಂದು ಫೋನು ಯಾವ ಸಾಫ್ಟ್‌ವೇರಿಗಿಂತಲೂ ಮೇಲು.

ರಕ್ತದ ಮಾದರಿ ಸಿಗದಿದ್ದಾಗ ಕಷ್ಟ ಇಮ್ಮಡಿ. ಹುಟ್ಟಿನಿಂದಲೇ ಬಂದ ವ್ಯತ್ಯಾಸವನ್ನು ಗಡ್ಡೆಯದೆಂದು ಎಣಿಸುವ ಅಪಾಯವಿರುತ್ತದೆ. ವಿದೇಶಿ ದತ್ತಕೋಶಗಳಲ್ಲಿ ಅಪರೂಪವೆನಿಸಿದ್ದು ನಮ್ಮವರಲ್ಲಿ ಸಾಮಾನ್ಯವಿರಬಹುದು. ಆಗ 1,029 ಭಾರತೀಯರ ಜೀನೋಮ್ ಇರುವ ಇಂಡಿಜೆನ್ ದತ್ತಕೋಶ ನೆರವಿಗೆ ಬರುತ್ತದೆ.

ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಈ ಕೆಲಸ ಬರೀ ಸಂಬಳದ್ದಲ್ಲ. ಹೊಗೆಸೊಪ್ಪು ಸೇರದಿದ್ದರೂ ಅಡಿಕೆ ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಭಾರತೀಯರ ಒಸಡು ಮತ್ತು ಕೆನ್ನೆಯ ಕ್ಯಾನ್ಸರ್ ಕುರಿತು 2013ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನ ಟಿಪಿ53, ಫ್ಯಾಟ್1, ಕ್ಯಾಸ್ಪ್8, ನಾಚ್1 ಮುಂತಾದ ಜೀನುಗಳನ್ನು ಎತ್ತಿ ತೋರಿಸಿತು. ಈ ಹೆಸರುಗಳು ಪಟ್ಟಿಯಲ್ಲಿ ಕಂಡರೆ ನಂಬಿಬಿಡಲು ಮನಸ್ಸು ಅವಸರಿಸುತ್ತದೆ. ಅವುಗಳನ್ನೇ ನಾನು ಹೆಚ್ಚು ಹೊತ್ತು ಪರೀಕ್ಷಿಸುತ್ತೇನೆ.

ಕೈಬಿಟ್ಟವುಗಳನ್ನು ಅಳಿಸುವುದಿಲ್ಲ. ಕಾರಣ ಬರೆದು ಬೇರೆ ಹಾಳೆಯಲ್ಲಿಟ್ಟು, ವರದಿಯ ಜೊತೆಗೇ ಕಳುಹಿಸುತ್ತೇನೆ.