ಕಂದು ತಿರುಗಿದ ಅಕ್ರೋಪೋರಾ: ನನ್ನ ಅನುಭವ

ನೇರಳೆ ಬಣ್ಣದ ಅಕ್ರೋಪೋರಾ (ಕೊಂಬೆಗಳಾಗಿ ಬೆಳೆಯುವ ಹವಳ) ನನ್ನ ಅಕ್ವೇರಿಯಂ ತೊಟ್ಟಿಗೆ ಬಂದ ಮೇಲೆ ಮೆಲ್ಲಗೆ ಕಂದು ತಿರುಗಿತು. ಜೀವ ಇತ್ತು, ಬಣ್ಣ ಇರಲಿಲ್ಲ. ನೀರು ಬದಲಾಯಿಸಿದೆ, ದೀಪದ ನೀಲಿ ಬೆಳಕು ಜಾಸ್ತಿ ಮಾಡಿದೆ, ದೀಪ ಉರಿಯುವ ಹೊತ್ತನ್ನು 12 ಗಂಟೆಗೆ ಏರಿಸಿದೆ; ಗಾಜಿನ ಮೇಲೆ ಪಾಚಿ ಬೆಳೆಯಿತೇ ಹೊರತು ಬೇರೇನೂ ಆಗಲಿಲ್ಲ.

ಕೊನೆಗೆ ಪಾರ್ ಮೀಟರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು ಎಷ್ಟಿದೆ ಎಂದು ಅಳೆಯುವ ಸಾಧನ) ತಂದು ಹವಳ ಕೂತ ಜಾಗದಲ್ಲೇ ಅಳೆದೆ. ಬರೀ 90! ಇಂಥ ಹವಳಕ್ಕೆ 200ರಿಂದ 350 ಬೇಕು. ಬೆಳಕು ಸಾಲದಿದ್ದರೆ ಅದರೊಳಗಿನ ಕಂದು ಪಾಚಿಕೋಶಗಳು ಹೆಚ್ಚಿ ಬಣ್ಣ ಮುಚ್ಚಿಹೋಗುತ್ತದೆ. ಹವಳವನ್ನು ಅಲುಗಾಡಿಸದೆ, ಎಲ್‌ಇಡಿಯನ್ನು ವಾರಕ್ಕೆ 5 ಪರ್ಸೆಂಟ್‌ನಂತೆ ಏರಿಸುತ್ತಾ, ಪ್ರತಿ ಸಲ ಅಳೆಯುತ್ತಾ 280ಕ್ಕೆ ನಿಲ್ಲಿಸಿದೆ. ಪೂರ್ತಿ ಬೆಳಕು ದಿನಕ್ಕೆ 8 ಗಂಟೆ ಮಾತ್ರ, ಹಿಂದೆ ಮುಂದೆ ಒಂದೊಂದು ಗಂಟೆ ಮಂದ ನೀಲಿ. ನೇರಳೆ ಮೊದಲು ಕೊಂಬೆಯ ತುದಿಯಲ್ಲಿ ಕಂಡಿತು. ಏರಿಸಿದ ಮೇಲೆ ಹವಳ ಪೇಲವವಾದರೆ ಹಿಂದಿನ ಮಟ್ಟಕ್ಕೆ ಇಳಿಸಿ.