ಹೊಸಬರಿಗೆ ಮಾರ್ಗದರ್ಶಿ: ಹೋಟೆಲಿನವರು ಸರಿಯಾಗಿ ನೋಡಿಕೊಳ್ಳದಿದ್ದರೂ ಟಿಪ್ಸ್ ಇಡಬೇಕಾ?

ಬಾಡಿಗೆ ಕರಾರು, ಗ್ಯಾಸ್ ಸಂಪರ್ಕ, ಮಕ್ಕಳ ಟಿಸಿ ವಿಚಾರವೆಲ್ಲ ಹಿಂದಿನ ಭಾಗಗಳಲ್ಲಿ ಬಂದಿದೆ. ಈ ಭಾಗ ಹೋಟೆಲಿನದು. ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಗ ಬೇಕಾ ಅಂತ, ಬೇರೆ ಊರುಗಳಿಂದ ತುಮಕೂರಿಗೆ ಬಂದವರ ನಮ್ಮ ಸಂಘದ ಸಭೆಯಲ್ಲೇ ಕೆಲವರು ಕೇಳಿದರು. ಬೇಕು. ವಸಂತನರಸಾಪುರದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದು, ಸಾಮಾನಿನ ಗಂಟು ಇನ್ನೂ ಬಿಚ್ಚದ ಕುಟುಂಬಗಳು ಮೊದಮೊದಲು ಊಟ ಮಾಡುವುದೇ ಹೋಟೆಲಿನಲ್ಲಿ. ತುಮಕೂರಿನ ಬಗ್ಗೆ ಮನಸ್ಸು ಕೆಡುವುದೂ ಅಲ್ಲೇ.

ನಮ್ಮ ಸಂಘದಲ್ಲಿ ವಿಜಯಪುರ, ಕಲಬುರಗಿ, ರಾಯಚೂರು ಕಡೆಯವರು ಜಾಸ್ತಿ. ನಮಗೆಲ್ಲ ಖಾನಾವಳಿಯ ಅಭ್ಯಾಸ. ಅಲ್ಲಿ ಮಾಲೀಕರೇ ಎದುರು ನಿಂತು ಇನ್ನೊಂದು ರೊಟ್ಟಿ ಹಾಕುತ್ತಾರೆ, ಸಾಕು ಅಂದರೂ ಪಲ್ಯ ಬಡಿಸುತ್ತಾರೆ. ಟಿಪ್ಸ್ ಮಾತೇ ಬರುವುದಿಲ್ಲ. ಮಾಲೀಕರಿಗೆ ಯಾರಾದರೂ ಟಿಪ್ಸ್ ಕೊಡುತ್ತಾರಾ? ಅದೇ ಲೆಕ್ಕ ಇಟ್ಟುಕೊಂಡು ಬಿ.ಎಚ್. ರಸ್ತೆಯ ಎ.ಸಿ. ರೂಮಿನಲ್ಲಿ ಕೂತರೆ ಎಲ್ಲವೂ ಅವಮಾನವಾಗಿ ಕಾಣುತ್ತದೆ. ಸಪ್ಲೈಯರ್ ನಗಲಿಲ್ಲ. ಕೇಳಿದ ಮೇಲೆ ನೀರು ತಂದ. ಎರಡನೇ ಸಲ ಸಾಂಬಾರ್ ಕೇಳಿದರೆ ಮುಖ ತಿರುಗಿಸಿಕೊಂಡು ಹೋದ. ಮೊದಲ ಎರಡರಲ್ಲಿ ಅವಮಾನ ಏನೂ ಇಲ್ಲ, ಇಲ್ಲಿನ ರೀತಿಯೇ ಹಾಗೆ. ಮೂರನೆಯದು ಬೇರೆ ಮಾತು.

ಎಂಥ ಹೋಟೆಲ್ ಅಂತ ಮೊದಲು ನೋಡಿ

ದರ್ಶಿನಿ, ನಿಂತು ತಿನ್ನುವ ಹೋಟೆಲ್: ಟಿಪ್ಸ್ ಇಲ್ಲ. ಟೋಕನ್ ತಗೊಳ್ಳಿ, ತಿನ್ನಿ, ತಟ್ಟೆಯನ್ನು ಇಡುವ ಜಾಗದಲ್ಲೇ ಇಡಿ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲ್: ಕೊಡಲೇಬೇಕು ಅಂತಿಲ್ಲ. ರಶ್ ಇದ್ದಾಗ ನಿಮ್ಮ ಬೆನ್ನ ಹಿಂದೆಯೇ ಒಬ್ಬರು ಜಾಗಕ್ಕೆ ಕಾಯುತ್ತಿರುತ್ತಾರೆ. ಮುನಿಸಿಕೊಳ್ಳಬೇಡಿ, ಬೇಗ ತಿಂದು ಏಳಿ.

ಮುದ್ದೆ ಊಟದ ಹೋಟೆಲ್, ಮಿಲಿಟರಿ ಹೋಟೆಲ್: 5 ರೂಪಾಯಿ, 10 ರೂಪಾಯಿ. ಅದೂ ಮನಸ್ಸಿದ್ದರೆ.

ಫ್ಯಾಮಿಲಿ ರೆಸ್ಟೋರೆಂಟ್: ಬಿಲ್ಲು ಸೋಂಪಿನ ಜೊತೆ ಬರುತ್ತದೆ. ಒಂದು ಸಂಸಾರಕ್ಕೆ 20ರಿಂದ 50 ರೂಪಾಯಿ ಸಾಕು. ಹತ್ತಾರು ಜನ ಹೋಗಿ ಎರಡು ಗಂಟೆ ಟೇಬಲ್ ಹಿಡಿದಿದ್ದರೆ ಬಿಲ್ಲಿನ ನೂರಕ್ಕೆ 5, ಹೆಚ್ಚೆಂದರೆ 10.

ಸಿದ್ಧಗಂಗಾ ಮಠದ ದಾಸೋಹ: ಇದು ಹೋಟೆಲ್ ಅಲ್ಲ ಅಂತ ಬರೆಯಬೇಕಾಗಿ ಬಂದಿದೆ, ಇರಲಿ. ಬಡಿಸುವವರ ಕೈಗೆ ನೋಟು ತುರುಕಬೇಡಿ.

ಊಟ ಕೆಟ್ಟಿತಾ, ನಡವಳಿಕೆ ಕೆಟ್ಟಿತಾ?

ನಮ್ಮವರು ತಪ್ಪುವುದು ಇಲ್ಲಿಯೇ. ದೋಸೆ ತಡವಾಯಿತು, ಪಲಾವ್ ಆರಿತ್ತು, ಸಾರಿಗೆ ಉಪ್ಪಿಲ್ಲ. ಸಿಟ್ಟು ಬಂದು ಸಪ್ಲೈಯರ್‌ಗೆ ಕೊಡುವ 20 ರೂಪಾಯಿ ಕತ್ತರಿಸುತ್ತಾರೆ. ಆದರೆ ಸಪ್ಲೈಯರ್ ದೋಸೆ ಹುಯ್ಯುವುದಿಲ್ಲ, ಉಪ್ಪು ಹಾಕುವುದಿಲ್ಲ. ಅವನು ಆರ್ಡರ್ ತಗೊಂಡು ಒಳಗೆ ಹೇಳುತ್ತಾನೆ, ಆದ ಮೇಲೆ ತರುತ್ತಾನೆ. ಭಾನುವಾರ ದೇವರಾಯನದುರ್ಗ ನೋಡಿಕೊಂಡು ಬಂದವರೆಲ್ಲ ಒಟ್ಟಿಗೆ ಮಸಾಲೆ ದೋಸೆ ಕೇಳಿದರೆ ಹೆಂಚು ಇರುವುದು ಒಂದೋ ಎರಡೋ. ಆ ತಡಕ್ಕೆ ಅವನೇನು ಮಾಡಬೇಕು? ಒಳಗೆ ಭಟ್ಟರಿಂದ ಬೈಸಿಕೊಂಡು ಹೊರಗೆ ನಿಮ್ಮಿಂದಲೂ ಬೈಸಿಕೊಳ್ಳುತ್ತಾನೆ. ಜನ ಕಡಿಮೆ ಇಟ್ಟು ಟೇಬಲ್ ಜಾಸ್ತಿ ಹಾಕಿರುವುದು ಮಾಲೀಕರ ಲೆಕ್ಕಾಚಾರ. ನಿಮ್ಮ 20 ರೂಪಾಯಿ ಉಳಿದರೆ ಮಾಲೀಕರಿಗೆ ಗೊತ್ತೂ ಆಗುವುದಿಲ್ಲ.

ಆದ್ದರಿಂದ ಊಟದ ದೂರು ಗಲ್ಲಾಕ್ಕೆ. ಅದೂ ಎರಡು ತುತ್ತಿಗೇ ಹೇಳಿ. ಇಡೀ ತಟ್ಟೆ ಖಾಲಿ ಮಾಡಿ, ಕೈ ತೊಳೆದುಕೊಂಡು ಬಂದು ಹಳಸಿತ್ತು ಅಂದರೆ ಯಾರು ನಂಬುತ್ತಾರೆ? ಮೊದಲೇ ಹೇಳಿದರೆ ಸಾಮಾನ್ಯವಾಗಿ ಬೇರೆ ತಂದುಕೊಡುತ್ತಾರೆ. ಬೇರೆ ತಂದುಕೊಟ್ಟ ಸಪ್ಲೈಯರ್‌ಗೆ ಟಿಪ್ಸ್ ಇಡಿ, ನಿಮಗಾಗಿ ಎರಡು ಸಲ ಓಡಾಡಿದ್ದಾನೆ.

ಇನ್ನು ತಪ್ಪು ಅವನದೇ ಅಂತಿಟ್ಟುಕೊಳ್ಳಿ. ಕರೆದರೂ ಕೇಳಿಸದಂತೆ ನಿಂತ. ಪಕ್ಕದ ಟೇಬಲ್‌ಗೆ ಹಲ್ಲು ಬಿಟ್ಟು, ನಿಮ್ಮ ಮಗುವಿಗೆ ಬಿಸಿನೀರು ಕೇಳಿದರೆ ಇಲ್ಲ ಅಂದ. ತಿನ್ನದ ಎರಡು ರೋಟಿ ಬಿಲ್ಲಿಗೆ ಸೇರಿಸಿದ. ಆಗ ಏನೂ ಇಡಬೇಡಿ. ಸಂಕೋಚವೂ ಬೇಡ. ಟಿಪ್ಸ್ ಯಾರ ಸಾಲವೂ ಅಲ್ಲ, ಕೊಡದಿದ್ದರೆ ಕೇಳುವ ಹಕ್ಕು ಯಾರಿಗೂ ಇಲ್ಲ. ಎಷ್ಟೋ ಹೆಣ್ಣುಮಕ್ಕಳು, ‘ಅಕ್ಕಪಕ್ಕದವರು ನೋಡುತ್ತಾರೆ, ಇಡ್ರೀ ಒಂದು ಹತ್ತು ರೂಪಾಯಿ’ ಅಂತ ಯಜಮಾನರಿಗೆ ತಿವಿಯುತ್ತಾರೆ. ಯಾರೂ ನೋಡುವುದಿಲ್ಲ, ಅವರವರ ಬಿಲ್ಲು ಅವರವರಿಗೆ.

ಆದರೆ ಸುಮ್ನೆ ಎದ್ದು ಬಂದರೆ ಅವನು ‘ಜಿಪುಣರು’ ಅಂದುಕೊಳ್ಳುತ್ತಾನೆ ಅಷ್ಟೆ, ತನ್ನ ತಪ್ಪು ಅವನಿಗೆ ತಿಳಿಯುವುದಿಲ್ಲ. ಹೋಗುವಾಗ ಒಂದು ಮಾತು ಮೆತ್ತಗೆ ಹೇಳಿ: ‘ಅಣ್ಣಾ, ಮೂರು ಸಲ ಕರೆದೆವು, ನೀವು ಬರಲಿಲ್ಲ.’ ಸಾಕು. ಅವನ ಕೆಲಸ ಹೋಗುವಂತೆ ಮಾಲೀಕರ ಮುಂದೆ ಕೂಗಾಡುವುದು ಬೇಡ. ಬಿಲ್ಲಿಗೆ ಬೇಕಂತಲೇ ಸೇರಿಸಿದ್ದರೆ ಮಾತ್ರ ಗಲ್ಲಾದಲ್ಲಿ ಜೋರಾಗಿಯೇ ಹೇಳಿ.

ಒಂದು ರೂಪಾಯಿ ನಾಣ್ಯ ಇಟ್ಟು ಬುದ್ಧಿ ಕಲಿಸಿದೆ ಅಂತ ಮೀಸೆ ತಿರುವುವವರು ನಮ್ಮಲ್ಲೇ ಇದ್ದಾರೆ. ಅದು ಬುದ್ಧಿ ಕಲಿಸುವುದಲ್ಲ, ಚುಚ್ಚುವುದು. ಸಂಘದ ಹೆಸರು ಹೇಳಿಕೊಂಡು ಹೀಗೆ ಮಾಡಬೇಡಿ. ‘ಏಯ್’ ಅಂತ ಕೂಗುವುದು, ಚಿಟಿಕೆ ಹೊಡೆದು ಕರೆಯುವುದೂ ಬೇಡ.

ಈಗ ಸಪ್ಲೈ ಮಾಡುವವರಲ್ಲಿ ಒಡಿಶಾ, ಅಸ್ಸಾಂ, ನೇಪಾಳದ ಕಡೆಯ ಹುಡುಗರೂ ಇದ್ದಾರೆ. ಕನ್ನಡ ಬರುವುದಿಲ್ಲ ಅಂತ ಟಿಪ್ಸ್ ಕತ್ತರಿಸಿದೆ ಅಂದವರೊಬ್ಬರಿಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ನೀವು ನಿಧಾನವಾಗಿ ಕನ್ನಡದಲ್ಲೇ ಹೇಳಿ, ‘ನೀರು’, ‘ಬಿಸಿ’, ‘ಸಾಕು’ ಅವರಿಗೆ ಬೇಗ ಬರುತ್ತದೆ. ನಾವೇ ಮೊದಲು ಹಿಂದಿಗೆ ಹಾರಿ, ಆಮೇಲೆ ಅವರು ಕನ್ನಡ ಕಲಿಯಲಿಲ್ಲ ಅನ್ನುವುದು ನ್ಯಾಯವಲ್ಲ.

ಸರ್ವಿಸ್ ಚಾರ್ಜ್ ಅಂದರೆ ಟಿಪ್ಸ್ ಅಲ್ಲ, ತೆರಿಗೆಯೂ ಅಲ್ಲ

ಇದನ್ನು ಬಿಡಿಸಿ ಬರೆಯಲು ಕಾರಣವಿದೆ. ನಮ್ಮ ಅತ್ತೆಯವರ ಹುಟ್ಟುಹಬ್ಬಕ್ಕೆ ಬೆಂಗಳೂರಿನ ಒಂದು ದೊಡ್ಡ ರೆಸ್ಟೋರೆಂಟಿಗೆ ಹೋಗಿದ್ದೆವು. ಇಲ್ಲಿಂದ 70 ಕಿಲೋಮೀಟರ್ ಪ್ರಯಾಣ, ಹಸಿದ ಮಕ್ಕಳು. ಊಟ ಬರುವ ಹೊತ್ತಿಗೆ ಮಕ್ಕಳು ನಿದ್ದೆ ಹೋಗಿದ್ದವು. ಬಿಲ್ಲು ನೋಡಿದರೆ ನೂರಕ್ಕೆ 10 ಸರ್ವಿಸ್ ಚಾರ್ಜ್. ಯಾವ ಸರ್ವಿಸ್‌ಗೆ ಅಂತ ಕೇಳಿದೆ. ‘ಕಂಪನಿ ಪಾಲಿಸಿ ಸಾರ್’ ಅಂದರು. ನಿಯಮದ ಮಾತು ಎತ್ತಿದ ಮೇಲೆ ಒಳಗೆ ಹೋಗಿ ಬೇರೆ ಬಿಲ್ಲು ತಂದರು. ಕೇಳದೇ ಇದ್ದಿದ್ದರೆ ತೆಗೆಯುತ್ತಿರಲಿಲ್ಲ.

ನಿಯಮ ಹೀಗಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ. ಕೊಡುವುದು, ಬಿಡುವುದು ಗ್ರಾಹಕರ ಇಷ್ಟ ಅಂತ ಅವರೇ ತಿಳಿಸಬೇಕು. ಕೊಡುವುದಿಲ್ಲ ಅಂದವರನ್ನು ಒಳಗೆ ಬಿಡದೆ ಇರುವಂತಿಲ್ಲ. ಹೋಟೆಲ್ ಮಾಲೀಕರ ಸಂಘಗಳು ದೆಹಲಿ ಹೈಕೋರ್ಟಿಗೆ ಹೋದವು, ಆಗ ತಡೆಯಾಜ್ಞೆಯೂ ಸಿಕ್ಕಿತ್ತು. 2025ರ ಮಾರ್ಚ್ 28ರಂದು ಅದೇ ಕೋರ್ಟು ಅವರ ಅರ್ಜಿಗಳನ್ನು ವಜಾ ಮಾಡಿ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು.

ಬಿಲ್ಲಿನಲ್ಲಿ ಇದ್ದರೆ ತೆಗೆಯಿರಿ ಅನ್ನಿ. ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ಲನ್ನು ಎಸೆಯಬೇಡಿ, ಅಲ್ಲೇ ಒಂದು ಫೋಟೊ ತೆಗೆದುಕೊಳ್ಳಿ. ಸರ್ವಿಸ್ ಚಾರ್ಜ್ ಕೊಟ್ಟುಬಿಟ್ಟಿದ್ದರೆ ಮತ್ತೆ ಟಿಪ್ಸ್ ಇಡಬೇಡಿ.

ಜಿಎಸ್‌ಟಿ ಬೇರೆ. ಸಾಮಾನ್ಯ ಹೋಟೆಲಿನಲ್ಲಿ ಅದು ನೂರಕ್ಕೆ 5, ಬಿಲ್ಲಿನಲ್ಲಿ ಎರಡೂವರೆಯಂತೆ ಎರಡು ಸಾಲಾಗಿ ಇರುತ್ತದೆ. ಅದನ್ನು ಕೊಡಲೇಬೇಕು, ಸರ್ವಿಸ್ ಸರಿಯಿಲ್ಲ ಅಂತ ಅದರ ಮೇಲೆ ಜಗಳ ತೆಗೆಯಬೇಡಿ. ಕಾಂಪೊಸಿಷನ್ ಸ್ಕೀಮಿನಲ್ಲಿರುವ, ಅಂದರೆ ಒಟ್ಟು ವಹಿವಾಟಿನ ಮೇಲೆ ತಾವೇ ತೆರಿಗೆ ಕಟ್ಟುವ, ಸಣ್ಣ ಹೋಟೆಲುಗಳು ಮಾತ್ರ ಗಿರಾಕಿಯಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಅವರ ಬಿಲ್ಲಿನ ಮೇಲೆ ಹಾಗಂತ ಬರೆದಿರಬೇಕು.

ಸ್ಕ್ಯಾನ್ ಮಾಡಿ ಕೊಡುವವರಿಗೆ

ಫೋನ್ ಪೇ ಬಂದ ಮೇಲೆ ಚಿಲ್ಲರೆ ಹೋಯಿತು, ಚಿಲ್ಲರೆಯ ಜೊತೆ ಟಿಪ್ಸೂ ಹೋಯಿತು. ಗಲ್ಲಾದ ಸ್ಕ್ಯಾನರ್‌ಗೆ 30 ರೂಪಾಯಿ ಜಾಸ್ತಿ ಹಾಕಿದರೆ ಅದು ಬೀಳುವುದು ಮಾಲೀಕರ ಖಾತೆಗೆ. ಬಡಿಸಿದವನಿಗೆ ಸೇರಲಿ ಅಂತಿದ್ದರೆ ಕೈಗೇ ಕೊಡಿ. ಪರ್ಸಿನಲ್ಲಿ ನಾಲ್ಕು 10ರ ನೋಟು ಇರಲಿ. ಎಲೆ ಎತ್ತುವ, ಟೇಬಲ್ ಒರೆಸುವ ಕ್ಲೀನರ್‌ಗಳನ್ನು ಯಾರೂ ನೆನಸಿಕೊಳ್ಳುವುದಿಲ್ಲ. ಸಪ್ಲೈಯರ್ ಮೇಲೆ ಸಿಟ್ಟಿದ್ದ ದಿನ ಆ ದುಡ್ಡನ್ನು ಅವರಿಗೆ ಕೊಡಿ.

ಅಮೆರಿಕದಿಂದ ಬಂದ ನೆಂಟರು

ನೂರಕ್ಕೆ 20 ಇಡಲೇಬೇಕು, ಸರ್ವಿಸ್ ಕೆಟ್ಟರೂ ಇಡಬೇಕು ಅಂತ ಪಾಠ ಮಾಡುತ್ತಾರೆ. ಅವರ ಊರಿಗೆ ಅದು ಸರಿ. ಅಲ್ಲಿನ ಫೆಡರಲ್ ಕಾನೂನಿನಲ್ಲಿ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, 1991ರಿಂದ ಅಷ್ಟೇ ಇದೆ. ಉಳಿದ ಕೆಲಸಗಾರರಿಗೆ 7.25. ನಡುವಿನ ಅಂತರವನ್ನು ಮೊದಲು ಗಿರಾಕಿಯ ಟಿಪ್ಸ್ ತುಂಬಬೇಕು, ಅದು ಸಾಲದಿದ್ದರೆ ಮಾತ್ರ ಮಾಲೀಕರು. ಎಷ್ಟೋ ರಾಜ್ಯಗಳು ಇದಕ್ಕಿಂತ ಜಾಸ್ತಿ ಗೊತ್ತು ಮಾಡಿವೆ. ನಮ್ಮಲ್ಲಿ ಟಿಪ್ಸ್ ಬರುತ್ತದೆ ಅಂತ ಕನಿಷ್ಠ ಕೂಲಿ ಕಡಿಮೆ ಮಾಡುವ ನಿಯಮ ಇಲ್ಲ. ನೆಂಟರೇ ಬಿಲ್ಲು ಕೊಡುವುದಾದರೆ ಎಷ್ಟಾದರೂ ಇಡಲಿ ಬಿಡಿ.

ಉಳಿದವು

ಪಾರ್ಸಲ್‌ಗೆ ಟಿಪ್ಸ್ ಬೇಡ.

ಮನೆಗೆ ಊಟ ತಂದವರು ಮಳೆಯಲ್ಲಿ ನೆನೆದು ಬಂದರೆ, ಲಿಫ್ಟ್ ಇಲ್ಲದೆ ಮೂರು ಮಹಡಿ ಹತ್ತಿದರೆ ಕೊಡಿ. ಸಾಂಬಾರ್ ಮರೆತದ್ದು ಅವರಲ್ಲ, ಹೋಟೆಲಿನವರು.

ಮಕ್ಕಳು ಅನ್ನ ಚೆಲ್ಲಾಡಿದ್ದರೆ ಸರ್ವಿಸ್ ಹೇಗಿದ್ದರೂ ಕೊಡಿ.

ಮದುವೆ ಊಟದಲ್ಲಿ ಬಡಿಸುವವರಿಗೆ ಕೊಡುವುದು ಮದುವೆ ಮನೆಯವರ ಲೆಕ್ಕ, ನೀವು ತಲೆ ಹಾಕಬೇಡಿ.

ದಿನವೂ ಒಂದೇ ಹೋಟೆಲಿನಲ್ಲಿ ತಿಂಡಿ ತಿನ್ನುವ ಒಂಟಿ ಹುಡುಗರು ದಿನಾ ಕೊಡುವುದು ಬೇಡ, ದೀಪಾವಳಿಗೋ ಯುಗಾದಿಗೋ ಒಟ್ಟಿಗೆ 200 ರೂಪಾಯಿ ಕೊಟ್ಟರಾಯಿತು.

ಮುಂದಿನ ಭಾಗ: ನೀರಿನ ಟ್ಯಾಂಕರ್.